ಬಿದ್ದ ತುಂಡು, ಉಳಿದ ಕಿಂಡಿ: ಈಸ್ಟರ್‌ಗೂ ಯುಗಾದಿಗೂ ಕೈಯಾರೆ ಮಾಡುವ ಡೈ ಕಟ್ ಶುಭಾಶಯ ಪತ್ರ

ಮಾರ್ಚ್ ತಿಂಗಳು ಮುಗಿಯುವ ಹೊತ್ತಿಗೆ ಕೋಲಾರದ ರಸ್ತೆಬದಿಯ ಹೊಂಗೆ ಮರಗಳು ಹಳೆಯ ಎಲೆಗಳನ್ನು ಉದುರಿಸಿ ಎಳೆಹಸಿರನ್ನು ಹೊದ್ದು ನಿಂತಿರುತ್ತವೆ. ಬೇವು ಹೂ ಬಿಡುತ್ತದೆ, ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳಲ್ಲಿ ಮಿಡಿಗಳು ತೂಗುತ್ತವೆ. ಯುಗಾದಿಯೂ ಈಸ್ಟರೂ ಬರುವುದು ಈ ದಿನಗಳಲ್ಲೇ. ಎರಡೂ ಚಂದ್ರನ ಲೆಕ್ಕದ ಹಬ್ಬಗಳಾದ್ದರಿಂದ ಒಂದು ವರ್ಷ ಇದು ಮುಂದೆ, ಇನ್ನೊಂದು ವರ್ಷ ಅದು ಮುಂದೆ. 2024ರಲ್ಲಿ ಮಾರ್ಚ್ 31ಕ್ಕೆ ಈಸ್ಟರ್ ಮುಗಿದ ಮೇಲೆ ಏಪ್ರಿಲ್ 9ಕ್ಕೆ ಯುಗಾದಿ ಬಂದಿತು. ಮರುವರ್ಷ ಮಾರ್ಚ್ 30ಕ್ಕೆ ಯುಗಾದಿ, ಏಪ್ರಿಲ್ 20ಕ್ಕೆ ಈಸ್ಟರ್. ನಮ್ಮ ಮನೆಯಲ್ಲಿ ಈ ಎರಡು ಹಬ್ಬಗಳ ಕಾರ್ಡುಗಳನ್ನೂ ಒಟ್ಟಿಗೆ ಮಾಡುತ್ತೇವೆ. ಹಾಗೆ ಮಾಡಲು ದಾರಿ ತೋರಿಸಿದ್ದು ಡೈ ಕಟಿಂಗ್.

ಡೈ ಎಂದರೆ ಎಲೆ, ಹೂವು, ವೃತ್ತ, ಮೊಟ್ಟೆ ಹೀಗೆ ಯಾವುದಾದರೂ ಒಂದು ಆಕಾರದ ಅಂಚನ್ನು ಹರಿತವಾಗಿ ಎಬ್ಬಿಸಿದ ತೆಳು ಉಕ್ಕಿನ ಅಚ್ಚು. ಅದನ್ನು ಕಾಗದದ ಮೇಲಿಟ್ಟು ಒತ್ತಿದಾಗ ಆಕಾರದ ತುಂಡೊಂದು ಬೀಳುತ್ತದೆ, ಹಾಳೆಯಲ್ಲಿ ಅದೇ ಆಕಾರದ ಕಿಂಡಿಯೊಂದು ಉಳಿಯುತ್ತದೆ. ಹೆಚ್ಚಿನವರು ತುಂಡನ್ನು ಎತ್ತಿಕೊಂಡು ಕಿಂಡಿಯಿರುವ ಹಾಳೆಯನ್ನು ಕಸಕ್ಕೆ ಹಾಕುತ್ತಾರೆ. ನನ್ನ ಅನುಭವದಲ್ಲಿ ಒಳ್ಳೆಯ ಕಾರ್ಡು ಹುಟ್ಟುವುದು ಈ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಕತ್ತರಿಸುವಾಗ. ಈಸ್ಟರ್‌ನ ಮಟ್ಟಿಗಂತೂ ಕಿಂಡಿಗೆ ತುಂಡಿಗಿಂತ ಹೆಚ್ಚಿನ ಅರ್ಥವಿದೆ, ಏಕೆಂದರೆ ಆ ಹಬ್ಬದ ಮೂಲದಲ್ಲಿರುವುದೇ ಯೇಸು ಎದ್ದುಬಂದು ಬರಿದಾದ ಸಮಾಧಿ ಮತ್ತು ಅದರ ಬಾಗಿಲಿನಿಂದ ಉರುಳಿದ ಕಲ್ಲು. ಇಲ್ಲಿ ವಿವರಿಸುತ್ತಿರುವ ಕಾರ್ಡು ಅದೇ ಆಗಿದೆ: ದುಂಡು ಕಿಂಡಿಯೇ ಸಮಾಧಿಯ ಬಾಗಿಲು, ಕಿಂಡಿಯಿಂದ ಬಿದ್ದ ಬಿಲ್ಲೆಯೇ ಕಲ್ಲು.

ಕಾಗದ ಆರಿಸುವುದು

ಕಾರ್ಡಿನ ಮೈಗೆ 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ದಪ್ಪದ ಕಾರ್ಡ್ ಶೀಟ್, ಹೂವು ಎಲೆಗಳಿಗೆ 160ರಿಂದ 200 ಜಿಎಸ್‌ಎಂ, ಒಳಗೆ ಬರೆಯುವ ಹಾಳೆಗೆ 80 ಜಿಎಸ್‌ಎಂ ಸಾಕಾಗುತ್ತದೆ. ಬಣ್ಣದ ಕಾಗದ ಕೊಳ್ಳುವಾಗ ಮೂಲೆಯಲ್ಲಿ ಸ್ವಲ್ಪ ಹರಿದು ನೋಡಬೇಕು. ಮೇಲ್ಮೈಗೆ ಮಾತ್ರ ಬಣ್ಣ ಬಳಿದ ಚಾರ್ಟ್ ಪೇಪರಿನ ಒಡಲು ಬಿಳಿಯಾಗಿಯೇ ಇರುತ್ತದೆ; ಡೈಯಿಂದ ಕತ್ತರಿಸಿದಾಗ ಪ್ರತಿಯೊಂದು ಎಲೆಯ ಸುತ್ತಲೂ ಬಿಳಿಯ ಗೆರೆ ಕಾಣುತ್ತದೆ. ಒಡಲಿನವರೆಗೂ ಬಣ್ಣ ಇಳಿದಿರುವ ಕಾಗದದಲ್ಲಿ ಈ ತೊಂದರೆ ಇರುವುದಿಲ್ಲ. ಮದುವೆಯ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸುಗಳಲ್ಲಿ ಅಂಚು ಕತ್ತರಿಸಿ ಉಳಿದ ಒಳ್ಳೊಳ್ಳೆಯ ಕಾಗದದ ಪಟ್ಟಿಗಳಿರುತ್ತವೆ, ಕೇಳಿದರೆ ಕೊಡುತ್ತಾರೆ; ಹೂವಿನ ಎಸಳುಗಳಿಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ.

ಹೊಸಬರು ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ವಿಷಯವನ್ನು ಇಲ್ಲಿ ತುಸು ವಿವರವಾಗಿ ಹೇಳಬೇಕಾಗಿದೆ. ಬಟ್ಟೆಗೆ ಹಾಸು ಹೊಕ್ಕು ಇರುವಂತೆ ಕಾಗದದ ನಾರಿಗೂ ಒಂದು ದಿಕ್ಕಿರುತ್ತದೆ. ಹಾಳೆಯನ್ನು ಮಡಿಸದೆ, ಒಮ್ಮೆ ಉದ್ದಕ್ಕೂ ಇನ್ನೊಮ್ಮೆ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿದರೆ ಒಂದು ಕಡೆ ಸುಲಭವಾಗಿ ಸುರುಳಿಯಾಗುತ್ತದೆ, ಇನ್ನೊಂದು ಕಡೆ ಬಿಗಿಯಾಗಿ ಎದುರು ನಿಲ್ಲುತ್ತದೆ. ಸುಲಭವಾಗಿ ಬಾಗಿದಾಗ ಸುರುಳಿಯ ಕೊಳವೆ ಯಾವ ದಿಕ್ಕಿಗಿರುತ್ತದೆಯೋ ನಾರಿನ ದಿಕ್ಕೂ ಅದೇ, ಮಡಿಕೆಯೂ ಅದೇ ದಿಕ್ಕಿಗೆ ಬರಬೇಕು. ಎ4 ಹಾಳೆಗಳಲ್ಲಿ ನಾರು ಬಹುಮಟ್ಟಿಗೆ ಉದ್ದಕ್ಕೆ, ಅಂದರೆ 297 ಮಿಲಿಮೀಟರ್ ಬದಿಗೆ ಸಮಾನಾಂತರವಾಗಿರುತ್ತದೆ. ಅಂತಹ ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿದರೆ 148 × 210 ಮಿಲಿಮೀಟರ್‌ನ ತುಂಡು ಸಿಗುತ್ತದೆ. ಅದನ್ನು 105 ಮಿಲಿಮೀಟರ್‌ಗೆ ಮಡಿಸಿದಾಗ ಮಡಿಕೆ ನಾರಿನ ಜೊತೆಗೇ ಸಾಗುವುದರಿಂದ ಅಂಚು ನುಣುಪಾಗಿ ಬರುತ್ತದೆ. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ ಮಡಿಸಿದರೂ ಅಳತೆಯಲ್ಲಿ ಹೆಚ್ಚುಕಡಿಮೆ ಅಂತಹುದೇ ಕಾರ್ಡು ಸಿಗುತ್ತದೆ, ಆದರೆ ಮಡಿಕೆ ನಾರನ್ನು ಅಡ್ಡಡ್ಡ ಮುರಿಯುವುದರಿಂದ ಬೆನ್ನಿನುದ್ದಕ್ಕೂ ಬಿರುಕು ಏಳುತ್ತದೆ. ನಾನು ಮೊದಲ ವರ್ಷ ಮಾಡಿದ ಇಪ್ಪತ್ತನಾಲ್ಕು ಕಾರ್ಡುಗಳೂ ಹೀಗೆಯೇ ಬಿರುಕು ಬಿಟ್ಟಿದ್ದವು, ಕಾರಣ ತಿಳಿಯಲು ಇನ್ನೊಂದು ವರ್ಷ ಹಿಡಿಯಿತು.

ಮಡಿಸುವ ಮುನ್ನ ಕಿಂಡಿ

ಹಾಳೆಯನ್ನು ಅಳತೆಗೆ ಕತ್ತರಿಸಿದ ಕೂಡಲೇ ಮಡಿಸಬಾರದು. ಕಿಂಡಿಯನ್ನು ಮೊದಲು ಕತ್ತರಿಸಬೇಕು. ಮನೆಯಲ್ಲಿ ಬಳಸುವ ಡೈ ಮೆಷಿನ್ನುಗಳ ಬಾಯಿ ಸಾಮಾನ್ಯವಾಗಿ ಆರು ಅಂಗುಲ, ಅಂದರೆ ಸುಮಾರು 152 ಮಿಲಿಮೀಟರ್ ಅಗಲವಿರುತ್ತದೆ. ಬಿಡಿಸಿಟ್ಟ ನಮ್ಮ ಹಾಳೆಯ ಅಗಲ 148 ಆದ್ದರಿಂದ ಅದು ಇಡಿಯಾಗಿ ಒಳಗೆ ಹೋಗುತ್ತದೆ.

ಈ ಮೆಷಿನ್ನಿನ ಕೆಲಸ ಕಬ್ಬಿನ ಗಾಣದಂತೆಯೇ. ಎರಡು ಉರುಳೆಗಳ ನಡುವೆ ಹಿಡಿ ತಿರುಗಿಸಿ ಹಾಯಿಸುವ ಒತ್ತಡವೇ ಕತ್ತರಿಸುತ್ತದೆ. ಕೆಳಗೆ ದಪ್ಪ ಹಲಗೆ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಹೊರಮೈ ಮೇಲಾಗಿರುವಂತೆ ಕಾಗದ, ಕಾಗದದ ಮೇಲೆ ಹರಿತ ಅಂಚು ಕೆಳಮುಖವಾಗಿರುವಂತೆ ಡೈ, ಕೊನೆಯಲ್ಲಿ ಇನ್ನೊಂದು ಪ್ಲಾಸ್ಟಿಕ್ ತಟ್ಟೆ. ಹೊರಮೈ ಮೇಲಿದ್ದಾಗ ಕಾರ್ಡಿನ ಮುಖಪುಟ ಬಲಗಡೆಯ ಅರ್ಧವಾಗಿರುತ್ತದೆ ಎಂಬುದನ್ನು ಮರೆಯದಿರಲು ಒಳಮೈಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಸುಮಾರು 50 ಮಿಲಿಮೀಟರ್ ವ್ಯಾಸದ ವೃತ್ತದ ಡೈಯನ್ನು ಮುಖಪುಟದ ಕೆಳಭಾಗದಲ್ಲಿ, ಮಡಿಕೆಯ ಗೆರೆಯಿಂದ ಕನಿಷ್ಠ 15 ಮಿಲಿಮೀಟರ್ ದೂರದಲ್ಲಿ ಇಡಬೇಕು. ಅದಕ್ಕಿಂತ ಹತ್ತಿರವಾದರೆ ಕಾರ್ಡು ತೆರೆದು ಮುಚ್ಚಿದಂತೆ ಆ ಸಂದು ಹರಿಯುತ್ತದೆ. ಡೈ ಜಾರದಂತೆ ಅಂಟು ಕಡಿಮೆಯಿರುವ ಟೇಪಿನ ಒಂದು ತುಣುಕು ಹಚ್ಚಿದರೆ ಸಾಕು. ಹೊಸ ಟೇಪನ್ನು ಒಮ್ಮೆ ಬಟ್ಟೆಗೆ ಅಂಟಿಸಿ ಕಿತ್ತು ಬಳಸಿದರೆ ಕಾಗದ ಸುಲಿಯುವುದಿಲ್ಲ.

ಒಂದು ಸಲ ಹಾಯಿಸಿದಾಗ ಕತ್ತರಿಸದಿದ್ದರೆ ಹಿಡಿಯನ್ನು ಬಲವಂತವಾಗಿ ತಿರುಗಿಸುವುದಕ್ಕೆ ಬದಲಾಗಿ, ತಟ್ಟೆಯ ಕೆಳಗೆ ಸಾಧಾರಣ ಬಿಳಿ ಹಾಳೆಯೊಂದನ್ನು ಸೇರಿಸಿ ಮತ್ತೆ ಹಾಯಿಸಬೇಕು. ಆ ಹಾಳೆಯಷ್ಟು ದಪ್ಪದ ವ್ಯತ್ಯಾಸವೇ ಸಾಮಾನ್ಯವಾಗಿ ಕೆಲಸ ಮುಗಿಸುತ್ತದೆ. ಸೂಕ್ಷ್ಮ ಕುಸುರಿಯಿರುವ ಡೈಗಳಲ್ಲಿ ಕಾಗದ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಡೈಗೂ ಕಾಗದಕ್ಕೂ ನಡುವೆ ಮೇಣದ ಕಾಗದದ ತುಂಡಿಟ್ಟರೆ ಬಿಡಿಸುವುದು ಸುಲಭ. ತಟ್ಟೆಗಳನ್ನು ಆಗಾಗ ಮಗುಚಿ ಹಾಕದಿದ್ದರೆ ಬಾಗುತ್ತವೆ.

ಮೆಷಿನ್ ಇಲ್ಲದವರು ಇದನ್ನು ಓದಿ ಪುಟ ತಿರುಗಿಸಬೇಕಾಗಿಲ್ಲ. ದುಂಡು ಕಿಂಡಿಗೆ ಒಂದು ಲೋಟದ ಬಾಯಿಯಿಂದ ಗುರುತು ಹಾಕಿ ಚೂಪು ಕಟ್ಟರಿನಲ್ಲಿ, ಕಾಗದವನ್ನು ತಿರುಗಿಸುತ್ತ ಕೈಯನ್ನು ಒಂದೇ ಕಡೆ ನಿಲ್ಲಿಸಿಕೊಂಡು ಕತ್ತರಿಸಬಹುದು. ಸ್ಟೇಷನರಿ ಅಂಗಡಿಗಳಲ್ಲಿ ಎಲೆ, ಹೂವಿನ ಆಕಾರದ ಕ್ರಾಫ್ಟ್ ಪಂಚುಗಳು ಸಿಗುತ್ತವೆ. ಮೂರ್ನಾಲ್ಕು ಮನೆಯವರು ಸೇರಿ ಒಂದು ಮೆಷಿನ್ ಕೊಂಡು ಹಂಚಿಕೊಳ್ಳುವುದು ಇನ್ನೂ ಮೇಲು, ಏಕೆಂದರೆ ವರ್ಷದಲ್ಲಿ ಹೆಚ್ಚಿನ ದಿನ ಅದು ಕಪಾಟಿನಲ್ಲೇ ಕೂತಿರುತ್ತದೆ. ಕಟ್ಟರ್ ಹಿಡಿಯುವ ಕೆಲಸವನ್ನು ಮಾತ್ರ ದೊಡ್ಡವರೇ ಮಾಡಬೇಕು.

ಕಿಂಡಿ ಬಿದ್ದ ಮೇಲೆ ಹೊರಮೈಯಲ್ಲೇ, 105 ಮಿಲಿಮೀಟರ್‌ನ ಗುರುತಿನಲ್ಲಿ ಸ್ಟೀಲ್ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆಯಬೇಕು. ಪ್ರೆಸ್ಸಿನವರು ಇದನ್ನು ಕ್ರೀಸಿಂಗ್ ಎನ್ನುತ್ತಾರೆ. ಗೆರೆಯ ತಗ್ಗು ಹೊರಗೆ, ಉಬ್ಬು ಒಳಗೆ ಇರುವಂತೆ ಮಡಿಸುವುದು ಸರಿಯಾದ ಕ್ರಮ.

ಎಸಳುಗಳು

ಅಂಗಡಿಯ ಈಸ್ಟರ್ ಕಾರ್ಡುಗಳಲ್ಲಿ ಬಿಳಿಯ ಲಿಲ್ಲಿ ಹೂವಿರುತ್ತದೆ. ಆ ಲಿಲ್ಲಿಯ ಮೂಲ ನೆಲೆ ಜಪಾನಿನ ದಕ್ಷಿಣದ ದ್ವೀಪಗಳು. ನಮ್ಮ ಜಿಲ್ಲೆಯ ಹೊಲಗಳಲ್ಲೇ ಬೆಳೆಯುವ ಸುಗಂಧರಾಜಕ್ಕೂ ಅದರಂತೆಯೇ ಬೆಳ್ಳಗಿನ ಆರು ಎಸಳುಗಳಿವೆ, ಆದ್ದರಿಂದ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಕಾರ್ಡು ತಲುಪಿದವರಿಗೆ ಆ ಹೂವಿನ ಪರಿಮಳ ನೆನಪಿಗೆ ಬರುತ್ತದೆ ಎಂಬುದು ನನಗೆ ಸಣ್ಣ ಸಂಗತಿಯಲ್ಲ.

ಇದಕ್ಕೆ ಪೂರ್ತಿ ಹೂವಿನ ಡೈ ಬೇಡ. ಒಂದೇ ಎಸಳಿನ ಚಿಕ್ಕ ಡೈಯಿಂದ ಬಿಳಿಯ 160 ಜಿಎಸ್‌ಎಂ ಕಾಗದದಲ್ಲಿ ಒಂದು ಹೂವಿಗೆ ಆರರಂತೆ ಕತ್ತರಿಸಿಕೊಳ್ಳಬೇಕು. ನಾಲ್ಕು ಮಡಿಕೆಯ ಟವೆಲಿನ ಮೇಲೆ ಎಸಳನ್ನು ಇಟ್ಟು, ಚಮಚದ ಬೆನ್ನಿನಿಂದ ಬುಡದಿಂದ ತುದಿಯ ಕಡೆಗೆ ಎರಡು ಮೂರು ಸಲ ಒತ್ತಿ ಸವರಿದರೆ ಎಸಳು ದೋಣಿಯಂತೆ ತಗ್ಗುತ್ತದೆ. ಆಮೇಲೆ ತುದಿಯನ್ನಷ್ಟೇ ಉಗುರಿನಿಂದ ಹಿಂದಕ್ಕೆ ಬಾಗಿಸಬೇಕು. ಮೂರು ಎಸಳುಗಳನ್ನು ಸಮಾನ ಅಂತರದಲ್ಲಿ ಚಿಕ್ಕ ಬಿಲ್ಲೆಯೊಂದರ ಮೇಲೆ ಅಂಟಿಸಿ, ಅವುಗಳ ನಡುವಿನ ಸಂದುಗಳಲ್ಲಿ ಮೇಲಿನಿಂದ ಉಳಿದ ಮೂರನ್ನು ಕೂರಿಸಿದಾಗ ಹೂವು ತಾನಾಗಿ ಅರಳಿ ನಿಲ್ಲುತ್ತದೆ. ನಡುವಿಗೆ ಸಾಧಾರಣ ಪೇಪರ್ ಪಂಚಿನಿಂದ ಬಿದ್ದ ತಿಳಿಹಸಿರು ಚುಕ್ಕಿ ಸಾಕು. ಬಿಡದ ಮೊಗ್ಗುಗಳಿಗೆ ಎರಡೇ ಎಸಳುಗಳನ್ನು ಒಂದರೊಳಗೊಂದು ಇಟ್ಟು, ತುದಿಗೆ ಗುಲಾಬಿ ಬಣ್ಣದ ಪೆನ್ಸಿಲನ್ನು ಬೆರಳಿನಿಂದ ತೇಯ್ದರೆ ನಿಜವಾದ ಮೊಗ್ಗಿನ ತುದಿಯ ಕೆಂಪು ಬರುತ್ತದೆ. ಬಿಳಿಯ ಹೂವು ಕೆನೆಬಣ್ಣದ ಮೇಲೆ ಕಾಣದು, ಹಾಗಾಗಿ ಕಾರ್ಡಿನ ಮೈ ಎಳೆಹೊಂಗೆಯ ಹಸಿರಾಗಿದ್ದರೆ ಚೆಂದ.

ಎಲೆಗಳಿಗೂ ಹೊಂಗೆಯನ್ನೇ ನೋಡಿಕೊಳ್ಳಬಹುದು. ಅದರ ಗರಿಯಲ್ಲಿ ಐದೋ ಏಳೋ ಎಲೆಗಳಿದ್ದು, ತುದಿಯಲ್ಲಿ ಒಂಟಿ ಎಲೆ ಇರುತ್ತದೆ. ಒಂದೇ ಎಲೆಯ ಡೈಯನ್ನು ಎರಡು ಮೂರು ಹಸಿರುಗಳಲ್ಲಿ ಹಾಯಿಸಿ ಹೀಗೆ ಜೋಡಿಸಿದರೆ ಗರಿ ಸಿದ್ಧ.

ಅಂಟಿಸುವ ಕ್ರಮ

ಕೆಲಸ ಕೆಡುವುದು ಹೆಚ್ಚಾಗಿ ಈ ಹಂತದಲ್ಲಿ. ಬಿಳಿಯ ಅಂಟಿನಲ್ಲಿ ನೀರಿನ ಅಂಶವಿರುವುದರಿಂದ ಹೆಚ್ಚು ಹಚ್ಚಿದಷ್ಟೂ ಕಾಗದ ಉಬ್ಬಿ ಸುಕ್ಕಾಗುತ್ತದೆ. ಉರಿದು ಮುಗಿದ ಊದುಬತ್ತಿಯ ಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಅಂಟು ತೆಗೆದು ಎಸಳಿನ ಬುಡಕ್ಕೆ ಮಾತ್ರ ಮುಟ್ಟಿಸಿದರೆ ಸಾಕು, ಎಸಳಿನ ತುದಿ ಬಿಡುವಾಗಿಯೇ ಇರಬೇಕು. ಅಂಟಿಸುವ ಮೊದಲು ಎಲ್ಲವನ್ನೂ ಒಣದಾಗಿ ಜೋಡಿಸಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಮತ್ತೆ ಜೋಡಿಸುವಾಗ ಗೊಂದಲವಾಗದು.

ಕಿಂಡಿಯಿಂದ ಬಿದ್ದ ಬಿಲ್ಲೆಗೆ ಸ್ಪಂಜಿನ ತುಂಡಿನಿಂದ ಬೂದುಬಣ್ಣವನ್ನು ಅಂಚಿನಲ್ಲಿ ಗಾಢವಾಗಿ, ನಡುವೆ ತಿಳಿಯಾಗಿ ತಟ್ಟಿದರೆ ಅದು ಕಲ್ಲಾಗುತ್ತದೆ. ನಮ್ಮ ಅಂತರಗಂಗೆ ಬೆಟ್ಟದ ಬಂಡೆಗಳನ್ನು ನೋಡಿದವರಿಗೆ ಆ ಬಣ್ಣ ಹೇಳಿಕೊಡಬೇಕಾಗಿಲ್ಲ. ಅದನ್ನು ಕಿಂಡಿಯ ಪಕ್ಕಕ್ಕೆ, ಕಿಂಡಿಯ ಅಂಚನ್ನು ಒಂದಿಷ್ಟು ಮರೆಮಾಡುವಂತೆ, ಫೋಮ್ ಟೇಪಿನ ಎರಡು ತುಣುಕುಗಳಿಂದ ಎತ್ತರಿಸಿ ಅಂಟಿಸಬೇಕು. ಫೋಮ್ ಟೇಪ್ ಸಿಗದಿದ್ದರೆ ಉಳಿದ ಕಾರ್ಡ್ ಶೀಟಿನ ಚೂರುಗಳನ್ನು ಮೂರು ಪದರ ಮಾಡಿ ಕೊಟ್ಟರೂ ಅದೇ ಎತ್ತರ ಬರುತ್ತದೆ. ಒಳಗಿನ ಹಾಳೆಯನ್ನು 140 × 200 ಮಿಲಿಮೀಟರ್‌ಗೆ ಕತ್ತರಿಸಿ, ಮಡಿಸಿ, ಮಡಿಕೆಯ ಪಕ್ಕದಲ್ಲಿ ಒಂದೇ ಗೆರೆ ಅಂಟಿನಿಂದ ಹಿಂಬದಿಯ ಒಳಮೈಗೆ ಕೂರಿಸಬೇಕು. ಈ ಹಾಳೆ ತಿಳಿಹಳದಿಯಾಗಿದ್ದರೆ ಕಿಂಡಿಯೊಳಗಿನಿಂದ ಬೆಳಗಿನ ಬೆಳಕು ಬಂದಂತೆ ಕಾಣುತ್ತದೆ. ಹೂವುಗಳನ್ನು ಕಲ್ಲಿನ ಎದುರು ಬದಿಯಲ್ಲಿ, ಕೆಳಗಿನಿಂದ ಮೇಲಕ್ಕೆ ಏರುವಂತೆ ಇಡುವುದು ನನ್ನ ರೂಢಿ. ಮುಖಪುಟದ ಮೇಲೆ ಅಕ್ಷರ ಬೇಡ. ‘ಕ್ರಿಸ್ತನು ಎದ್ದಿದ್ದಾನೆ’ ಎಂಬ ಮಾತು ತೆರೆದಾಗ ಒಳಗೆ ಕಾಣಲಿ, ಅದೂ ಕೈಬರಹದಲ್ಲಿ.

ಎಲೆ ಕತ್ತರಿಸಿ ಉಳಿದ, ಸಾಲಾಗಿ ಕಿಂಡಿಗಳಿರುವ ಹಾಳೆಯನ್ನು ಈಗ ಎತ್ತಿಕೊಳ್ಳಬೇಕು. ಅದನ್ನು ಇನ್ನೊಂದು ಕಾರ್ಡಿನ ಮೇಲಿಟ್ಟು ಸ್ಪಂಜಿನಿಂದ ಹಸಿರು ತಟ್ಟಿದರೆ ಎಲೆಗಳ ಅಚ್ಚು ಬೀಳುತ್ತದೆ. ಮೇಲಿನ ಅಂಚಿನಲ್ಲಿ ಎಲೆಯ ತುದಿಗಳು ಕೆಳಮುಖವಾಗಿರುವಂತೆ ತಟ್ಟಿದರೆ ಅದೇ ಮಾವಿನ ತೋರಣ. ಪಂಚಿನಿಂದ ಬಿದ್ದ ಐದೆಸಳಿನ ಪುಟ್ಟ ಬಿಳಿ ಹೂಗಳನ್ನು ತೋರಣದ ಕೆಳಗೆ ಚದುರಿಸಿದರೆ ಬೇವಿನ ಹೂವೂ ಆಯಿತು, ನೆರೆಮನೆಗಳಿಗೆ ಕೊಡುವ ಯುಗಾದಿ ಕಾರ್ಡು ಈಸ್ಟರ್ ಕಾರ್ಡಿನ ಉಳಿಕೆಯಿಂದಲೇ ಮುಗಿಯಿತು.

ಕೈಯಲ್ಲೇ ಕೊಡುವ ಕಾರ್ಡಾದರೆ ಇನ್ನೊಂದು ಸೊಗಸು ಸಾಧ್ಯ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದ ಕಡೆ ನಂಟಿದ್ದವರು ಚಿಟ್ಟೆ ಹೊರಬಿದ್ದು ತೂತಾದ ನಾಲ್ಕಾರು ರೇಷ್ಮೆಗೂಡುಗಳನ್ನು ತರಿಸಿಕೊಳ್ಳಲಿ. ಅದನ್ನು ಉದ್ದಕ್ಕೆ ಸೀಳಿದರೆ ಮೊಟ್ಟೆಯ ಅರ್ಧದ ಆಕಾರವೇ ಸಿಗುತ್ತದೆ. ಚಿಪ್ಪನ್ನು ಸಮಾಧಿಗೆ ಹೋಲಿಸಿ ಈಸ್ಟರ್‌ನಲ್ಲಿ ಮೊಟ್ಟೆ ಹಂಚುವವರಿಗೆ ಈ ಬರಿದಾದ ಗೂಡು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂಚೆಗೆ ಹಾಕುವ ಮುನ್ನ

ಮುಗಿದ ಕಾರ್ಡನ್ನು ಹೂವು ನಜ್ಜುಗುಜ್ಜಾಗದಂತೆ, ಮಡಿಕೆಯ ಮೇಲೆ ಮಾತ್ರ ಭಾರವಾದ ಪುಸ್ತಕವಿಟ್ಟು ಒಂದು ರಾತ್ರಿ ಒಣಗಲು ಬಿಡಬೇಕು. ಇದಕ್ಕೆ ಸಿ6, ಅಂದರೆ 114 × 162 ಮಿಲಿಮೀಟರ್‌ನ ಲಕೋಟೆ ಹೊಂದುತ್ತದೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆ, ಮಾರಿಕುಪ್ಪಂಗಳಿಂದ ಊರೂರಿಗೆ ಹೋದ ಸ್ನೇಹಿತರ ಕುಟುಂಬಗಳಿಗೆ ನಾವು ಕಳಿಸುವ ಕಾರ್ಡುಗಳೆಲ್ಲ ಅಂಚೆಯಲ್ಲೇ ಹೋಗಬೇಕಾದ್ದರಿಂದ ತೂಕದ ಲೆಕ್ಕ ಅಭ್ಯಾಸವಾಗಿದೆ. ಸಾಮಾನ್ಯ ಪತ್ರದ ದರದ ಮೊದಲ ಹಂತ 20 ಗ್ರಾಂ. 250 ಜಿಎಸ್‌ಎಂನ ಕಾರ್ಡಿನ ಮೈ ಸುಮಾರು 8 ಗ್ರಾಂ, ಒಳಗಿನ ಹಾಳೆ ಎರಡೂಕಾಲು ಗ್ರಾಂ, ಲಕೋಟೆ ನಾಲ್ಕೈದು ಗ್ರಾಂ ತೂಗುತ್ತವೆ. ಹೂವು, ಎಲೆ, ಕಲ್ಲು ಎಲ್ಲಕ್ಕೂ ಸೇರಿ ಉಳಿಯುವುದು ನಾಲ್ಕೈದು ಗ್ರಾಂ ಮಾತ್ರ. ಮೂರು ಹೂವು ಎರಡು ಗರಿ ಈ ಮಿತಿಯೊಳಗೆ ಬರುತ್ತವೆ. ಉಬ್ಬಿದ ಎಸಳುಗಳ ಮೇಲೆ ಅಂಚೆಯ ಮುದ್ರೆಯ ಏಟು ಬೀಳದಂತೆ ಕಾರ್ಡಿನ ಮುಖವನ್ನು ಲಕೋಟೆಯ ಹಿಂಬದಿಗೆ ತಿರುಗಿಸಿ ಇಡಬೇಕು. ಮುಖದ ಮೇಲೆ ಬಟರ್ ಪೇಪರಿನ ಒಂದು ಹಾಳೆ ಮುಚ್ಚಿ, ಗರಿಗಳ ಭಾನುವಾರಕ್ಕೆ, ಅಂದರೆ ಈಸ್ಟರ್‌ನ ಹಿಂದಿನ ಭಾನುವಾರಕ್ಕೆ, ಎರಡು ಮೂರು ದಿನ ಮೊದಲೇ ಡಬ್ಬಿಗೆ ಹಾಕಿದರೆ ಹಬ್ಬದೊಳಗೆ ತಲುಪಲು ಸಾಕಷ್ಟು ಬಿಡುವಿರುತ್ತದೆ.