‘ರಾಜ್ಯ’ ಅಂದರೆ ಯಾವುದು? ನನ್ನ ಎಂಎ ಓದಿನ ಎರಡು ಪದಗಳು

ಬಿಎವರೆಗೆ ತಾಲ್ಲೂಕು ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವನು ನಾನು. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ (ಯಾರಿಗೂ ಅಧೀನವಲ್ಲದ ಅಂತಿಮ ಅಧಿಕಾರ) ಎಂದು ರಾಜ್ಯದ ನಾಲ್ಕು ಮೂಲಾಂಶಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ತೆಗೆದಿದ್ದೆ. ಹಾಗಾದರೆ ಕರ್ನಾಟಕ ರಾಜ್ಯಕ್ಕೆ ಪರಮಾಧಿಕಾರ ಎಲ್ಲಿದೆ? ಈ ಪ್ರಶ್ನೆ ಹೊಳೆದದ್ದು ಮೈಸೂರಿನ ಮಾನಸಗಂಗೋತ್ರಿಗೆ ಎಂಎ ರಾಜ್ಯಶಾಸ್ತ್ರಕ್ಕೆ ಸೇರಿದ ಮೇಲೆ. ಸಿದ್ಧಾಂತದ ರಾಜ್ಯ ಬೇರೆ, ಒಕ್ಕೂಟದೊಳಗಿನ ರಾಜ್ಯ ಬೇರೆ. ಎರಡಕ್ಕೂ ಒಂದೇ ಹೆಸರಿಟ್ಟುಕೊಂಡು ಮೂರು ವರ್ಷ ಕಳೆದಿದ್ದೆ. ಸಿದ್ಧಾಂತದ ರಾಜ್ಯಕ್ಕೆ ‘ಪ್ರಭುತ್ವ’ ಎಂಬ ಬೇರೆ ಪದ ಏಕೆ ಬೇಕು ಎಂಬುದು ಆಗ ತಿಳಿಯಿತು.

ಸಂವಿಧಾನವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಪಕ್ಕಪಕ್ಕ ಇಟ್ಟು ಓದತೊಡಗಿದೆ. 12ನೇ ವಿಧಿಗೆ ಬಂದಾಗ ಬೆರಗಾಯಿತು. ಮೂಲಭೂತ ಹಕ್ಕುಗಳ ಮಟ್ಟಿಗೆ ಸ್ಥಳೀಯ ಪ್ರಾಧಿಕಾರಗಳೂ ‘ರಾಜ್ಯ’ವೇ. ಅಂದರೆ ಹೆಂಚು ಒಡೆದು ಸೋರುವ ನಮ್ಮೂರ ಪಂಚಾಯಿತಿಯೂ! ಅಂದೇ ಒಂದು ಉದ್ದನೆಯ ನೋಟ್‌ಬುಕ್ ತಂದು ಮೂರು ಅಂಕಣ ಮಾಡಿದೆ. ಇಂಗ್ಲಿಷ್ ಪದ, ಕನ್ನಡ ಪದ, ನಾನು ಕಣ್ಣಾರೆ ಕಂಡ ಒಂದು ಸಂಗತಿ. ಮೂರನೆಯದು ತುಂಬದಿದ್ದರೆ ಆ ಪದ ನನಗೆ ಬಂದಿಲ್ಲವೆಂದೇ ಲೆಕ್ಕ.

‘ಪವರ್’, ‘ಅಥಾರಿಟಿ’ ಎರಡರ ಮುಂದೆಯೂ ‘ಅಧಿಕಾರ’ ಎಂದೇ ಬರೆದಿದ್ದೆ. ವಿರೋಧವಿದ್ದರೂ ತನ್ನ ಇಚ್ಛೆಯನ್ನು ನಡೆಸಿಕೊಳ್ಳುವುದು ಮೊದಲನೆಯದು, ನ್ಯಾಯಸಮ್ಮತವೆಂದು ಜನರೇ ಒಪ್ಪಿ ತಲೆಬಾಗುವುದು ಎರಡನೆಯದು ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಬಿಡಿಸಿಟ್ಟಿದ್ದಾನೆ. ಓದಿದರೆ ಅರ್ಥವಾಗುತ್ತಿತ್ತು. ಮೂರನೇ ಅಂಕಣ ಮಾತ್ರ ವಾರಗಟ್ಟಲೆ ಖಾಲಿ.

ರಜೆಗೆ ಊರಿಗೆ ಹೋದಾಗ ಗ್ರಾಮಸಭೆ ಇತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಮೀಸಲಿಟ್ಟಿತು. ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ನಮ್ಮ ಅಧ್ಯಕ್ಷೆಯೂ ಹಾಗೆಯೇ ಗೆದ್ದು ಬಂದವರು. ಆದರೆ ಜನ ಮನೆ ಕೇಳುತ್ತಿದ್ದದ್ದು ಪಕ್ಕದ ಕುರ್ಚಿಯಲ್ಲಿದ್ದ ಅವರ ಗಂಡನನ್ನು, ಉತ್ತರವೂ ಗಂಡನದೇ. ಕೊನೆಗೆ ನಡಾವಳಿ ಪುಸ್ತಕ ಅಧ್ಯಕ್ಷೆಯ ಮುಂದೆ ಬಂತು. ಗಂಡ ಪೆನ್ನಿನ ಕ್ಯಾಪ್ ತೆಗೆದುಕೊಟ್ಟರು. ಅಧ್ಯಕ್ಷೆ ಪೆನ್ನು ಹಿಡಿದು ಸುಮ್ಮನೆ ಕೂತರು. ಆಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕಡೆ ತಿರುಗಿ, “ಫಲಾನುಭವಿಗಳ ಪಟ್ಟಿ ಒಂದ್ಸಲ ಗಟ್ಟಿಯಾಗಿ ಓದಿ ಸಾರ್, ಆಮೇಲೆ ಸೈನ್ ಹಾಕ್ತೀನಿ” ಅಂದರು. ಸಭೆ ಗಪ್‌ಚಿಪ್. ಪಿಡಿಒ ಎದ್ದು ನಿಂತು ಓದಿದರು. ನಡುವೆ ಒಬ್ಬ ಅಜ್ಜಿ, “ನನ್ನ ಹೆಸರು ಬರಲಿಲ್ಲವಲ್ಲವ್ವಾ” ಎಂದು ಕೇಳಿದ್ದು ಗಂಡನನ್ನಲ್ಲ, ಅಧ್ಯಕ್ಷೆಯನ್ನು.

ಹಾಸ್ಟೆಲಿಗೆ ಮರಳಿದ ರಾತ್ರಿ ಎರಡೂ ಖಾಲಿ ಜಾಗ ತುಂಬಿದೆ. ಮುಂದೆ ಪರೀಕ್ಷೆಯಲ್ಲಿ ವೇಬರ್ ಬಗ್ಗೆ ಬರೆಯುವಾಗ ಆ ಪೆನ್ನನ್ನೂ ಬರೆದೆ. ನೋಟ್‌ಬುಕ್ ಈಗಲೂ ಮೇಜಿನ ಮೇಲಿದೆ. ಅಧಿಕಾರ ನ್ಯಾಯಸಮ್ಮತವೆಂದು ಜನ ಒಪ್ಪುವುದಿದೆಯಲ್ಲ, ಆ ‘ಲೆಜಿಟಿಮಸಿ’ಯ ಕನ್ನಡ ಪದವನ್ನು ಎರಡು ಸಲ ಹೊಡೆದು ಹಾಕಿದ್ದೇನೆ, ಇನ್ನೂ ಹುಡುಕುತ್ತಿದ್ದೇನೆ.