ಪಾರ್ಸಿಕ್ ಸುರಂಗದಲ್ಲಿ ದಿನಕ್ಕೆ ನೂರು ರೂಪಾಯಿ

ಕಂತಿನಲ್ಲಿ ಕ್ಷಮಿಸುವುದು ಸತ್ಯವೇದದಲ್ಲಿ ಎಲ್ಲಿಯೂ ಇಲ್ಲ ಎಂದು ನಮ್ಮ ಸಭೆಯ ಬೋಧಕರಾದ ಅಯ್ಯನವರು ಮುಖಕ್ಕೇ ಹೇಳಿದ್ದರು. ಅದೇ ಅಯ್ಯನವರು ಹೋದ ತಿಂಗಳು, ಆಸ್ತಿಯ ವಿಷಯದಲ್ಲಿ ಅಣ್ಣನೊಂದಿಗೆ ಮಾತು ಬಿಟ್ಟ ಒಬ್ಬರನ್ನು ನನ್ನ ಮನೆಗೆ ಕಳುಹಿಸಿದರು. ‘ನಿಮ್ಮ ಆ ಲೆಕ್ಕದ ಪುಸ್ತಕ ಇವರಿಗೊಮ್ಮೆ ತೋರಿಸಿ’ ಎಂದು ಫೋನಿನಲ್ಲಿ ಶಿಫಾರಸು ಬೇರೆ. ಹಾಗಾಗಿ, ತಮ್ಮನ ತೀರದ ಸಾಲವನ್ನು ದಿನಕ್ಕೆ ನೂರರಂತೆ ಪ್ರಾರ್ಥನೆಯಲ್ಲಿ ಬಿಟ್ಟುಕೊಟ್ಟದ್ದನ್ನು ಬರೆಯುವ ಧೈರ್ಯ ಬಂತು. ಉಪವಾಸ, ಇಡೀ ರಾತ್ರಿಯ ಪ್ರಾರ್ಥನೆ ಎಲ್ಲ ಮಾಡಿ ದಣಿದವರಿಗಾಗಿ ಇದು. ಪ್ರಾರ್ಥನೆ ಎಂದರೇನು ಎಂಬಲ್ಲಿಂದ ನಾನು ಶುರು ಮಾಡುವುದಿಲ್ಲ.

ಊರು ಉಡುಪಿಯ ಕಡೆ, ಮನೆ ಮುಂಬಯಿ ಹತ್ತಿರದ ಡೊಂಬಿವಲಿ. ಮುಂಬಯಿಯ ಮಸ್ಜಿದ್ ಬಂದರಿನ ಸಗಟು ವ್ಯಾಪಾರಿಯೊಬ್ಬರಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು ನಾನು. 2006ರಲ್ಲಿ ತಮ್ಮ ಮಲ್ಪೆಯಲ್ಲಿ ಬೋಟಿಗೆ ಪಾಲುದಾರನಾಗುತ್ತೇನೆ ಎಂದ. ಪಿ.ಎಫ್. ತೆಗೆದು, ಹೆಂಡತಿಯ ಎರಡು ಬಳೆ ಅಡವಿಟ್ಟು 1,80,000 ರೂಪಾಯಿ ಕೊಟ್ಟೆ. ಒಂದು ವರ್ಷದಲ್ಲಿ ಕೊಡುತ್ತೇನೆ ಅಣ್ಣಾ ಎಂದವನು ಎರಡನೆಯ ವರ್ಷ ಫೋನ್ ಎತ್ತುವುದನ್ನು ಬಿಟ್ಟ. ನಾನು ಶೇಕಡಾ 12ರ ಬಡ್ಡಿ ಹಾಕುತ್ತಾ ಹೋದೆ, ಮನಸ್ಸಿನಲ್ಲಲ್ಲ, ಪುಸ್ತಕದಲ್ಲಿ. ಒಂಬತ್ತು ವರ್ಷಕ್ಕೆ ಅಸಲು ಬಡ್ಡಿ ಸೇರಿ ಮೂರೂಮುಕ್ಕಾಲು ಲಕ್ಷದ ಹತ್ತಿರ ಬಂತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಆ ಮೊತ್ತ ಕಣ್ಣೆದುರು ಬರುತ್ತಿತ್ತು. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪವಿತ್ರ ಭೋಜನದ ಭಾನುವಾರ, ಹಗೆ ಇಟ್ಟುಕೊಂಡು ಆ ಸಾಲಿನಲ್ಲಿ ನಿಲ್ಲಲಾಗದೆ, ಏನಾದರೊಂದು ನೆಪ ಹೇಳಿ ಮನೆಯಲ್ಲೇ ಉಳಿಯುತ್ತಿದ್ದೆ.

ಪ್ರಾರ್ಥನೆ ಮಾಡಲಿಲ್ಲವೇ? ಮಾಡಿದೆ. ಮೊದಲು ಶುಕ್ರವಾರದ ಉಪವಾಸ. ಐದು ತಿಂಗಳಲ್ಲಿ ಹೊಟ್ಟೆಯುರಿ ಹೆಚ್ಚಾಗಿ ಡಾಕ್ಟರಿಗೂ ಪರೀಕ್ಷೆಗಳಿಗೂ ಮೂರು ಸಾವಿರ ಖರ್ಚಾಯಿತು. ಆಮೇಲೆ ಪ್ರಾರ್ಥನಾ ಕೂಟವೊಂದರಲ್ಲಿ, ಬಿತ್ತಿದರೆ ನೂರರಷ್ಟು ಕೊಯ್ಯುತ್ತೀರಿ ಎಂದು ಬೋಧಕರು ಹೇಳಿದ್ದನ್ನು ನಂಬಿ ಐದು ಸಾವಿರ ಕಾಣಿಕೆ ಹಾಕಿದೆ. ಲೆಕ್ಕ ಬರೆಯುವವನು ರಸೀದಿ ಕೇಳಲಿಲ್ಲ ಎಂದು ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ. ಮಾಹಿಮಿನ ಸೇಂಟ್ ಮೈಕಲ್ ಚರ್ಚಿನ ಬುಧವಾರದ ನೊವೆನಾಕ್ಕೂ, ಅಂದರೆ ಒಂಬತ್ತು ವಾರದ ಪ್ರಾರ್ಥನೆಗೂ, ಹೋದೆ. ನಾವು ಬಾಸೆಲ್ ಮಿಶನ್ನಿನ ಪ್ರೊಟೆಸ್ಟಂಟ್ ಮನೆತನದವರು, ನಮ್ಮಲ್ಲಿ ಆ ಪದ್ಧತಿಯಿಲ್ಲ. ಆದರೆ ಅಲ್ಲಿ ಹಿಂದೂಗಳೂ ಮುಸಲ್ಮಾನರೂ ಮೇಣದಬತ್ತಿ ಹಿಡಿದು ನಿಲ್ಲುವಾಗ ನನಗೇನು? ಎಂಟು ಬುಧವಾರ ಮುಗಿಸಿದೆ. ಒಂಬತ್ತನೆಯದು ಮಾರ್ಚ್ ಕೊನೆಯ ವಾರ ಬಂತು. ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಯಜಮಾನರು ಯಾರನ್ನು ಬಿಡುತ್ತಾರೆ!

ತಪ್ಪು ಎಲ್ಲಿತ್ತೆಂದು ಈಗ ಗೊತ್ತಾಗುತ್ತದೆ. ‘ಕರ್ತನೇ, ಅವನ ಮನಸ್ಸು ಬದಲಾಯಿಸು’ ಎಂದು ಕೇಳುತ್ತಿದ್ದೆನೇ ಹೊರತು ನನ್ನ ಪುಸ್ತಕವನ್ನು ಒಮ್ಮೆಯೂ ಮುಂದಿಟ್ಟಿರಲಿಲ್ಲ.

2015ರ ಆರಂಭದಲ್ಲಿ ಕಚೇರಿಯ ಮರಾಠಿ ಗೆಳೆಯರೊಬ್ಬರ ತಾಯಿ ತೀರಿಕೊಂಡರು. ಅವರದು ಆಗಿನ ಅಹಮದ್‌ನಗರ ಕಡೆಯ ಕ್ರೈಸ್ತ ಮನೆ. ಮರಾಠಿಯ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ಕೀರ್ತನೆಗಳನ್ನು ಹಾಡಿದರು, ಕೊನೆಗೆ ಎಲ್ಲರೂ ಕರ್ತನ ಪ್ರಾರ್ಥನೆ ಹೇಳಿದರು. ನಾನು ಕನ್ನಡದಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುತ್ತಿದ್ದಾಗ ಪಕ್ಕದವರ ಬಾಯಲ್ಲಿ ‘ಆಮಚೀ ಋಣೇ ಆಮ್ಹಾಂಸ ಸೋಡ್’ ಎಂದು ಬಂತು. ನಮ್ಮ ಋಣಗಳನ್ನು ಬಿಡು ಎನ್ನುತ್ತಿದ್ದಾರೆ! ಐವತ್ತು ವರ್ಷ ತಪ್ಪು ತಪ್ಪು ಎಂದು ಹೇಳಿಕೊಂಡು ಬಂದವನಿಗೆ ಅದು ಸಾಲದ ಮಾತೆಂದು ಅಂದೇ ತಿಳಿದದ್ದು. ಆಮೇಲೆ ಅಯ್ಯನವರನ್ನು ಕೇಳಿದೆ. ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಇರುವುದು ಸಾಲವೆಂಬ ಪದವೇ ಎಂದರು. ಸಾಲವಾದರೆ ನನಗೆ ಗೊತ್ತು. ಮುಳುಗಿದ ಬಾಕಿಯನ್ನು ಹೇಗೆ ಮನ್ನಾ ಬರೆಯಬೇಕೆಂಬುದು ನನಗಿಂತ ಚೆನ್ನಾಗಿ ಇಡೀ ಮಸ್ಜಿದ್ ಬಂದರಿನಲ್ಲಿ ಬಹಳ ಜನರಿಗೆ ಗೊತ್ತಿರಲಿಲ್ಲ.

ಒಂದೇ ಸಲ ಬರೆದು ಹಾಕಲು ನೋಡಿದೆ, ಕೈ ಏಳಲಿಲ್ಲ. ಶುಭ ಶುಕ್ರವಾರದಂದು ಬಡ್ಡಿಯನ್ನು ಮಾತ್ರ ಬಿಟ್ಟೆ. ಮರುವಾರದಿಂದ ಅಸಲಿನಲ್ಲಿ ದಿನಕ್ಕೆ ನೂರು. ನೂರೇ ಏಕೆಂದರೆ, ಯೇಸುಸ್ವಾಮಿ ಹೇಳಿದ ಕರುಣೆಯಿಲ್ಲದ ಸೇವಕನ ಸಾಮ್ಯದಲ್ಲಿ, ತನ್ನ ದೊಡ್ಡ ಸಾಲ ಮನ್ನಾ ಆದವನೇ ಜೊತೆಗಾರನ ಕುತ್ತಿಗೆ ಹಿಡಿಯುತ್ತಾನೆ; ಆ ಜೊತೆಗಾರ ಕೊಡಬೇಕಾದದ್ದು ನೂರು ನಾಣ್ಯ, ಅಂದರೆ ನೂರು ದಿನದ ಕೂಲಿ. ನಾನು ಕುತ್ತಿಗೆ ಹಿಡಿದಿದ್ದೂ ಅಂಥ ಮೊತ್ತಕ್ಕೇ.

ಜಾಗ ಪಾರ್ಸಿಕ್ ಸುರಂಗ. ಆಗಿನ್ನೂ ನನ್ನ ಬೆಳಗಿನ ಫಾಸ್ಟ್ ಲೋಕಲ್ ರೈಲು ಠಾಣೆ ನಿಲ್ದಾಣಕ್ಕೆ ಮೊದಲು ಆ ಸುರಂಗ ಹೊಕ್ಕು ಹೊರಡುತ್ತಿತ್ತು. 1916ರಷ್ಟು ಹಳೆಯದು, ಉದ್ದ ಸುಮಾರು 1.3 ಕಿಲೋಮೀಟರ್. ಒಳಗೆ ಹೊಕ್ಕರೆ ಗಡಗಡ ಸದ್ದಿಗೆ ಪಕ್ಕದವನ ಮಾತೂ ಕೇಳಿಸದು, ಬಾಯಿಬಿಟ್ಟೇ ಪ್ರಾರ್ಥಿಸಬಹುದು. ಮೇಲಿನ ಹಿಡಿಗೆ ಒಂದು ಕೈ, ಹಿಂದಿನವನ ಊಟದ ಡಬ್ಬಿ ಬೆನ್ನಿಗೆ, ಬೆವರು. ತಮ್ಮನ ಹೆಸರು, ಮೊತ್ತ, ‘ಇಂದು ನೂರು ಬಿಟ್ಟೆ, ನನ್ನದನ್ನೂ ಬಿಡು’, ಇಷ್ಟೇ. ಬೆಳಕು ಬರುವ ಮೊದಲು ಇನ್ನೊಂದು ಮಾತಿದೆ, ಅದನ್ನು ಬರೆಯುವುದಿಲ್ಲ. ಮನೆಗೆ ಬಂದವರಿಗೆ ಹೇಳುತ್ತೇನೆ. ರಾತ್ರಿ ಮನೆಗೆ ಹೋಗಿ ಕೆಂಪು ಶಾಯಿಯಲ್ಲಿ ನಮೂದಿಸುತ್ತಿದ್ದೆ.

‘ಮೈದುನ ಕೊಡುವ ಯೋಚನೆಯಲ್ಲೇ ಇಲ್ಲ. ಬಾರದ ಹಣವನ್ನು ನೀವು ಬಿಡುವುದೆಂದರೇನು?’ ಎಂದು ಹೆಂಡತಿ ನಕ್ಕಳು. ಅವಳ ಬಳೆ ಬಿಡಿಸಿಕೊಳ್ಳಲು ನಾಲ್ಕು ವರ್ಷ ಹಿಡಿದಿತ್ತು, ನಗುವ ಹಕ್ಕು ಅವಳಿಗಿತ್ತು.

ಮೂರನೆಯ ತಿಂಗಳಲ್ಲೇ ಕೆಟ್ಟಿತು. ತಮ್ಮ ಹೊಸ ಬೈಕಿನ ಮೇಲೆ ಕುಳಿತ ಚಿತ್ರ ಯಾರೋ ಕಳುಹಿಸಿದರು. ಅಂದು ರಾತ್ರಿ ನಾಲ್ಕು ಸಾವಿರವನ್ನು ವಾಪಸ್ ಅವನ ಬಾಕಿಗೆ ಸೇರಿಸಿದೆ. ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ: ವಾಪಸ್ ಸೇರಿಸಬಹುದು, ಆದರೆ ಕಾರಣ ಬರೆಯಬೇಕು. ‘ಬೈಕು’, ‘ಅಮ್ಮನ ವರ್ಷಾಂತಕ್ಕೆ ಬಂದವನು ಮಾತಾಡಿಸಲಿಲ್ಲ’, ‘ಸುಮ್ಮನೆ’. ಇಂಥ ನಮೂದುಗಳು ಮೊದಲ ವರ್ಷ ಇಪ್ಪತ್ತಕ್ಕೂ ಹೆಚ್ಚು, ಎರಡನೆಯ ವರ್ಷ ಏಳೋ ಎಂಟೋ, ಮೂರನೆಯ ವರ್ಷ ಒಂದೇ. ಈ ವಿಧಾನ ಕೆಲಸ ಮಾಡಿದ್ದು ಬಿಟ್ಟ ನೂರರಿಂದ ಅಲ್ಲ, ಬರೆದ ಕಾರಣಗಳಿಂದ ಎಂದೇ ನನ್ನ ಅಂದಾಜು. ‘ಸುಮ್ಮನೆ’ ಎಂದು ಬರೆದುದನ್ನು ಮರುದಿನ ಸುರಂಗದಲ್ಲಿ ದೇವರಿಗೆ ಓದಿ ಹೇಳಲು ನಾಚಿಕೆಯಾಗುತ್ತಿತ್ತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತುಳುವಿನಲ್ಲಿ ಪ್ರಾರ್ಥಿಸಿ ನೋಡಿದೆ. ನಾವಿಬ್ಬರೂ ಜಗಳವಾಡಿದ್ದು ತುಳುವಿನಲ್ಲೇ, ಆದ್ದರಿಂದ ಎರಡನೆಯ ವಾಕ್ಯಕ್ಕೇ ಸಿಟ್ಟು ನೆತ್ತಿಗೇರಿತು. ಕನ್ನಡಕ್ಕೇ ಮರಳಿದೆ. ಮಂಡಿನೋವಿಗೆ ದಿನಕ್ಕೊಂದು ಗೆರೆ ಎಳೆದೆ, ನೋವು ಹೋಗಲಿಲ್ಲ. ಸೊಸೈಟಿಯ ಕಾರ್ಯದರ್ಶಿಯ ಹೆಸರಿಗೆ ಒಂದು ಪುಟ ತೆರೆದೆ. ನೀರಿನ ವಿಷಯದಲ್ಲಿ ಆತ ದಿನವೂ ಹೊಸ ಸಾಲ ಮಾಡುವವನು. ಯೇಸುಸ್ವಾಮಿ ಕ್ಷಮಿಸಲು ಹೇಳಿದ ಏಳೆಪ್ಪತ್ತು ಸಾರಿ ಎಂದರೆ 490, ಅದು ಎರಡು ಮಳೆಗಾಲಕ್ಕೇ ಮುಗಿಯಿತು.

2020ರ ಮಾರ್ಚಿನಲ್ಲಿ ಲೋಕಲ್ ನಿಂತಿತು, ಸುರಂಗವೂ ಕೈತಪ್ಪಿತು. ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಜನ. ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದ ಯೇಸುಸ್ವಾಮಿಗೆ ಡೊಂಬಿವಲಿಯ ಮನೆಗಳ ಅಳತೆ ಗೊತ್ತಿರಲಿಲ್ಲವೇ ಎಂದು ಗೊಣಗಿದೆ. ಬಚ್ಚಲಿನ ದೀಪ ಆರಿಸಿ, ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಪ್ರಾರ್ಥಿಸಿದೆ. ನೀರು ಪೋಲಾಗುತ್ತದೆಂದು ಮಗಳು ಬಾಗಿಲು ಬಡಿದಳು.

ಅದೇ ವರ್ಷ ಬೇಸಿಗೆಯಲ್ಲಿ, ಮುಂಬಯಿಯ ಸುದ್ದಿ ನೋಡಿ ತಮ್ಮನೇ ಫೋನ್ ಮಾಡಿದ. ‘ಅಣ್ಣಾ, ಅಕ್ಕಿ ಇದೆಯೇ?’ ಎಂದ. ಇದೆ ಎಂದೆ. ಹಣದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ಬಾಕಿ ಎಷ್ಟಿದೆ ಎಂದು ನೆನಪಿಸಿಕೊಳ್ಳಲು ಹೋದರೆ ಮೊತ್ತ ತಲೆಗೆ ಬರಲಿಲ್ಲ! ಅಷ್ಟು ವರ್ಷ ರಾತ್ರಿ ಎರಡಕ್ಕೆ ಕಾಣಿಸುತ್ತಿದ್ದ ಮೊತ್ತ ಅದು. ಪುಸ್ತಕ ತೆಗೆದೇ ನೋಡಬೇಕಾಯಿತು. ಹೊಟ್ಟೆಯುರಿಯ ಮಾತ್ರೆಯೂ ಅಷ್ಟರಲ್ಲಿ ನಿಂತಿತ್ತು. ಆದರೆ ಅದಕ್ಕಾಗಿ ಸಾಕ್ಷಿ ಹೇಳಲಾರೆ, ಚಹಾವನ್ನು ಆರರಿಂದ ಎರಡಕ್ಕೆ ಇಳಿಸಿದ್ದೆ. ಸಭೆ ಮತ್ತೆ ತೆರೆದ ಮೇಲೆ ಭೋಜನದ ಸಾಲಿನಲ್ಲಿ ನಿಂತದ್ದಕ್ಕೆ ಮಾತ್ರ ಸಾಕ್ಷಿ ಹೇಳುತ್ತೇನೆ. ಹೆಂಡತಿ ಕಣ್ಣೊರೆಸಿಕೊಂಡಳು, ನೆಗಡಿ ಎಂದಳು.

ಖಾತೆ 2021ರ ಕ್ರಿಸ್ಮಸಿಗೆ ಮೊದಲು ಸೊನ್ನೆಗೆ ಬಂತು. ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಮುಚ್ಚಿದೆ.

ಹೋದ ವರ್ಷ ಒಂದು ಸಂಜೆ ನನ್ನ ಖಾತೆಗೆ ಐದು ಸಾವಿರ ಬಂತು. ಕಳುಹಿಸಿದವನು ತಮ್ಮ, ಜೊತೆಗೆ ಒಂದು ಮಾತೂ ಇಲ್ಲ. ಪುಸ್ತಕ ಹಿಡಿದು ಕುಳಿತೆ. ಮನ್ನಾ ಮಾಡಿದ ಬಾಕಿ ಮರಳಿ ಬಂದರೆ ಅದನ್ನು ಸಾಲಗಾರನ ಹೆಸರಿಗೆ ಜಮೆ ಮಾಡುವುದಿಲ್ಲ, ಆದಾಯವೆಂದು ತೋರಿಸಬೇಕು. ಕಚೇರಿಯ ಹೊಸ ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿಕೊಟ್ಟಿದ್ದೇನೋ. ಹೆಂಡತಿಗೂ ವಿವರಿಸಿದೆ.

‘ಆದಾಯವಾದರೆ ದಶಮಾಂಶ ಐನೂರು ಆಯಿತಲ್ಲ’ ಎಂದಳು. ಭಾನುವಾರ ಹಾಕಿದೆ, ರಸೀದಿಯನ್ನೂ ಕೇಳಿ ತೆಗೆದುಕೊಂಡೆ.