ಮುಂಬೈಯ ಕನ್ನಡ ಸಭೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ಶಿಷ್ಯತ್ವ

ದೀಕ್ಷಾಸ್ನಾನವಾದವರನ್ನು (ಕ್ರೈಸ್ತ ಸಭೆಗೆ ಹೊಸದಾಗಿ ಸೇರಿದವರನ್ನು) ಭಾನುವಾರದ ಪ್ರಸಂಗಕ್ಕೆ ಮಾತ್ರ ಬಿಟ್ಟರೆ ಅವರು ಕೇಳುಗರಾಗಿಯೇ ಉಳಿದುಬಿಡುತ್ತಾರೆ. ಸಭೆಯ ಹಳಬರೊಬ್ಬರು ಇಂಥ ಹೊಸಬರೊಬ್ಬರ ಜೊತೆ ವಾರವಾರ ಕೂತು ಬೈಬಲ್ ಓದಿ ಕಲಿಸುವುದೇ ಒಬ್ಬರಿಂದ ಒಬ್ಬರಿಗೆ ಶಿಷ್ಯತ್ವ. ಬೈಬಲಿನ 2 ತಿಮೊಥೆಯ 2:2ರಲ್ಲಿ ಹೀಗೆ ಕಲಿತು ಕಲಿಸುವ ನಾಲ್ಕು ತಲೆಮಾರುಗಳಿವೆ: ಪೌಲ, ತಿಮೊಥೆಯ, ನಂಬಿಗಸ್ತರು, ಅವರಿಂದ ಕಲಿಯುವ ಇತರರು. ಹಾಗಾಗಿ ಮೊದಲ ದಿನವೇ ಹೇಳಿಬಿಡಿ: "ಇದನ್ನು ಮುಂದೆ ನೀವೇ ಇನ್ನೊಬ್ಬರಿಗೆ ಕಲಿಸಬೇಕು."

ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಕಲಿಸಲಿ. ಕಲಿಯುವವರು 18ರೊಳಗಿನವರಾದರೆ ತಂದೆತಾಯಿಯ ಒಪ್ಪಿಗೆ, ಜೊತೆಗೆ ಮತ್ತೊಬ್ಬ ದೊಡ್ಡವರು, ತೆರೆದ ಬಾಗಿಲು ಬೇಕೇ ಬೇಕು. ಆದಷ್ಟು ಒಂದೇ ಸ್ಟೇಷನ್ನಿನ ಆಸುಪಾಸಿನವರನ್ನು ಜೋಡಿಸಿ. ಡೊಂಬಿವಲಿಯವರು ಪ್ರತಿ ಭಾನುವಾರ ಧಾರಾವಿಗೆ ಬರಬೇಕೆಂದರೆ ಮೆಗಾ ಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಬಂದ ದಿನ ಭೇಟಿ ತಪ್ಪುತ್ತದೆ. ಎರಡು ವಾರ ತಪ್ಪಿದರೆ ಮತ್ತೆ ಕೂಡುವುದು ಕಷ್ಟ. ಶಿಫ್ಟ್ ಬದಲಾದಾಗ ಯಾವ ದಿನ ಸೇರುವುದೆಂದು ಮೊದಲೇ ಮಾತಾಡಿಕೊಳ್ಳಿ.

ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯಗಳಲ್ಲಿ 14ನೆಯದು 72 ವಚನಗಳದ್ದು, ಅದನ್ನು ಎರಡು ವಾರಕ್ಕೆ ಹಂಚಿ. ಒಟ್ಟು 17 ವಾರ, ವಾರಕ್ಕೆ ಒಂದು ಗಂಟೆ: ಕಳೆದ ವಾರ ಒಪ್ಪಿದ್ದು ಏನಾಯಿತೆಂದು 10 ನಿಮಿಷ, ಓದು 15, ಪುಸ್ತಕ ಮುಚ್ಚಿ ಕಲಿಯುವವರು ಓದಿದ್ದನ್ನು ತಮ್ಮ ಮಾತಲ್ಲಿ ಹೇಳುವುದು 10, ಪ್ರಶ್ನೆ 15, ಪ್ರಾರ್ಥನೆ 10. ಪ್ರಶ್ನೆಗಳು ಮೂರೇ: ಇಲ್ಲಿ ಯೇಸು ಎಂಥವನು? ಮನುಷ್ಯರು ಎಂಥವರು? ಈ ವಾರ ನಾನು ಮಾಡಬೇಕಾದ್ದೇನು?

ಪುಸ್ತಕ ಮುಚ್ಚಿ ಹೇಳಿಸುವುದನ್ನು ಎಂದೂ ಬಿಡಬೇಡಿ. ಅರ್ಥವಾಗದ್ದು ಅಲ್ಲೇ ಬಯಲಾಗುತ್ತದೆ.

ಮುಂಬೈಯಲ್ಲಿ ಬೆಳೆದ ಎಷ್ಟೋ ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲು ತಡವರಿಸುತ್ತಾರೆ. ಅವರು ಮರಾಠಿ ಬೈಬಲ್ ಓದಲಿ, ನೀವು ಕನ್ನಡದ ಸತ್ಯವೇದ ಓದಿ, ಮಾತುಕತೆ ಕನ್ನಡದಲ್ಲೇ ಇರಲಿ. ಸಭೆಯ ಮಾತುಗಳನ್ನು ಬಿಡಿಸಿ ಹೇಳಿ. "ನೀತಿ" ಅಂದರೆ ಅವರಿಗೆ ನೆನಪಾಗುವುದು ನೀತಿಕಥೆ. "ದೇವರ ಮುಂದೆ ಸರಿಯಾದವರಾಗಿ ನಿಲ್ಲುವುದು" ಎಂದರೆ ಹಿಡಿಯುತ್ತದೆ.

ಕೆಡುವುದು ಹೆಚ್ಚಾಗಿ ಕಲಿಸುವವರ ಮಾತಿನಿಂದ. ನೀವು 20 ನಿಮಿಷ ಮೀರಿ ಮಾತಾಡಿದರೆ ಅದು ಪ್ರಸಂಗವಾಯಿತು. ಉತ್ತರ ಗೊತ್ತಿಲ್ಲದಿದ್ದರೆ ಸಭಾಪಾಲಕರನ್ನು ಕೇಳಿ ಮುಂದಿನ ವಾರ ಹೇಳಿ. ತಪ್ಪು ಬೋಧನೆ ಕಂಡರೆ ಎಲ್ಲರೆದುರು ತಿದ್ದಬೇಡಿ. ಬೈಬಲಿನಲ್ಲಿ ಅರೆಬರೆ ತಿಳಿದು ಬೋಧಿಸುತ್ತಿದ್ದ ಅಪೊಲ್ಲೋಸನನ್ನು ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ತಮ್ಮ ಬಳಿ ಕರೆದುಕೊಂಡು ತಿಳಿಸಿದರಲ್ಲ, ಹಾಗೆ. ಸಾಲ ಕೊಡಬೇಡಿ: ತೀರಿಸಲಾಗದವರು ನಾಚಿ ಬರುವುದನ್ನೇ ಬಿಡುತ್ತಾರೆ. ಕಷ್ಟವಿದ್ದರೆ, ಅವರ ಒಪ್ಪಿಗೆ ಪಡೆದು, ಸಭೆಯ ಹಿರಿಯರಿಗೆ ತಿಳಿಸಿ. ಕಲಿಯುವವರು ತೋಡಿಕೊಂಡದ್ದನ್ನು ಪ್ರಾರ್ಥನಾ ಕೋರಿಕೆಯೆಂದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದಂತೂ ದ್ರೋಹವೇ. ಜೀವಕ್ಕೆ ಅಪಾಯ ಅಥವಾ ಮಕ್ಕಳ ಮೇಲೆ ದೌರ್ಜನ್ಯದ ಸಂಗತಿಯಾದರೆ ಮಾತ್ರ ಮುಚ್ಚಿಡಬಾರದು. ಗುಟ್ಟು ಕಾಪಾಡುತ್ತೇನೆಂದು ಮಾತು ಕೊಡುವಾಗಲೇ ಇದನ್ನೂ ಹೇಳಿ.

9ನೆಯ ವಾರದಿಂದ ಆ ಮೂರು ಪ್ರಶ್ನೆಗಳನ್ನು ಕಲಿಯುವವರೇ ಕೇಳಲಿ, 13ರಿಂದ ಇಡೀ ಗಂಟೆ ಅವರೇ ನಡೆಸಲಿ. 17 ಮುಗಿದ ಮರುವಾರ ಅವರು ಬೇರೊಬ್ಬರ ಜೊತೆ ಮಾರ್ಕ 1ನ್ನು ತೆರೆಯಲಿ. ಮೊದಲ ಎರಡು ವಾರ ನೀವು ಪಕ್ಕದಲ್ಲಿ ಸುಮ್ಮನೆ ಕೂತಿರಿ. ಮೂರನೆಯ ವಾರ ಹೋಗಬೇಡಿ.